ಬ್ಯಾಂಕ್ ಹರಾಜಿನ ಮನೆ: ‘ಬ್ಯಾಂಕೇ ಮಾರುತ್ತಿದೆ, ದಾಖಲೆ ಪಕ್ಕಾ’ ಎಂಬುದು ಎಷ್ಟು ನಿಜ?

“ಮಡಿಕೇರಿ ಹತ್ತಿರ ಮನೆ, ಜೊತೆಗೆ ಸ್ವಲ್ಪ ತೋಟ. ಮಾಲೀಕರು ದಿವಾಳಿ. ಬ್ಯಾಂಕ್ ಹರಾಜು, ಮಾರುಕಟ್ಟೆ ಬೆಲೆಯ ಅರ್ಧಕ್ಕೆ. ಬ್ಯಾಂಕೇ ಮಾರುತ್ತಿರುವುದರಿಂದ ದಾಖಲೆ ನೂರಕ್ಕೆ ನೂರು ಕ್ಲಿಯರ್. ಶೇ 10 ಕಟ್ಟಿದರೆ ಸಾಕು.”

ಈ ಧಾಟಿಯ ಫಾರ್ವರ್ಡ್ ನಿಮ್ಮ ಫ್ಯಾಮಿಲಿ ಗ್ರೂಪಿಗೂ ಬಂದಿರಬಹುದು. ಕೊಡಗಿನ ತಂಪಿನಲ್ಲಿ ಒಂದು ಮನೆ ಎಂದರೆ ಬೆಂಗಳೂರು, ಮೈಸೂರಿನಲ್ಲಿ ಕೂತವರಿಗೆ ಬೆರಳು ತಡೆಯುವುದಿಲ್ಲ, ನಾಲ್ಕು ಗ್ರೂಪಿಗೆ ಕಳಿಸಿಬಿಡುತ್ತಾರೆ. ಸಂದೇಶದಲ್ಲಿ ಹರಾಜು ನಡೆಯುತ್ತದೆ ಎನ್ನುವುದು ನಿಜವಿರಬಹುದು. ‘ದಾಖಲೆ ಕ್ಲಿಯರ್’ ಎನ್ನುವುದು ಮಾತ್ರ ಬ್ಯಾಂಕ್ ಎಲ್ಲಿಯೂ ಹೇಳದ ಮಾತು. ಹರಾಜಿನ ಪೂರ್ತಿ ಪ್ರಕಟಣೆಯನ್ನು ತೆರೆದು ಓದಿದರೆ ಅದರ ತದ್ವಿರುದ್ಧವೇ ಅಲ್ಲಿ ಬರೆದಿರುತ್ತದೆ.

ಮೊದಲು, ‘ದಿವಾಳಿ’ ಎಂದರೆ ಯಾವುದು?

ಆಡುಮಾತಿನಲ್ಲಿ ಸಾಲ ಕಟ್ಟಲಾಗದವರೆಲ್ಲ ದಿವಾಳಿ, ಪಾಪರ್. ಕಾನೂನಿನಲ್ಲಿ ಹಾಗಲ್ಲ. ಕೊಡಗಿನಲ್ಲಿ ಹರಾಜಿಗೆ ಬರುವ ಮನೆಗಳ ಮಾಲೀಕರಲ್ಲಿ ಹೆಚ್ಚಿನವರನ್ನು ಯಾವ ನ್ಯಾಯಾಲಯವೂ ದಿವಾಳಿ ಎಂದು ಘೋಷಿಸಿರುವುದಿಲ್ಲ. ಅವರು ಸಾಲದ ಕಂತು ತಪ್ಪಿಸಿದ್ದಾರೆ, ಬ್ಯಾಂಕ್ 2002ರ ಸರ್ಫೇಸಿ ಕಾಯ್ದೆಯ ಕೆಳಗೆ ಅಡಮಾನದ ಆಸ್ತಿಯನ್ನು ಕೋರ್ಟಿಗೆ ಹೋಗದೆ ನೇರವಾಗಿ ಮಾರಲು ಹೊರಟಿದೆ, ಅಷ್ಟೆ. ಸಹಕಾರಿ ಬ್ಯಾಂಕುಗಳಿಗೂ ಈ ಅಧಿಕಾರ ಇದೆ ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿದೆ.

ನಿಜವಾದ ದಿವಾಳಿ ಪ್ರಕ್ರಿಯೆ ಎರಡು ಬಗೆಯದು. ಸಾಮಾನ್ಯ ವ್ಯಕ್ತಿಯೊಬ್ಬರು ದಿವಾಳಿ ಎಂದು ಘೋಷಣೆಯಾಗುವುದು ಇಂದಿಗೂ 1920ರ ಪ್ರಾಂತೀಯ ದಿವಾಳಿ ಕಾಯ್ದೆಯಡಿ, ಜಿಲ್ಲೆಯ ನ್ಯಾಯಾಲಯದಲ್ಲಿ. ಕಂಪನಿ ದಿವಾಳಿಯಾದರೆ 2016ರ ದಿವಾಳಿ ಸಂಹಿತೆಯಡಿ, ಎನ್‌ಸಿಎಲ್‌ಟಿ ಎಂಬ ಕಂಪನಿ ಕಾನೂನು ನ್ಯಾಯಮಂಡಳಿಯಲ್ಲಿ. ಕರ್ನಾಟಕಕ್ಕೆ ಅದರ ಪೀಠ ಬೆಂಗಳೂರಿನಲ್ಲಿದೆ. ಮನೆ ಈ ಮೂರರಲ್ಲಿ ಯಾವ ದಾರಿಯಿಂದ ಬಂದಿದೆ ಎಂಬುದರ ಮೇಲೆ ಕೊಳ್ಳುವವರ ಅಪಾಯ ಬದಲಾಗುತ್ತದೆ. ಫಾರ್ವರ್ಡ್ ಬಂದಾಗ ಕೇಳಬೇಕಾದ ಮೊದಲ ಪ್ರಶ್ನೆ ಬೆಲೆಯದ್ದಲ್ಲ, ‘ಯಾವ ಕಾಯ್ದೆಯಡಿ ಮಾರುತ್ತಿದ್ದಾರೆ’ ಎಂಬುದು.

ಬ್ಯಾಂಕ್ ಮಾರುವುದು ಏನನ್ನು?

ಹರಾಜು ಪ್ರಕಟಣೆಯ ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ ಒಂದು ಸಾಲು ಇರುತ್ತದೆ: ಆಸ್ತಿಯನ್ನು ‘ಎಲ್ಲಿದೆಯೋ ಅಲ್ಲಿ, ಹೇಗಿದೆಯೋ ಹಾಗೆ’ ಮಾರಲಾಗುತ್ತದೆ. ಸಾಲಗಾರನಿಗೆ ಆ ಮನೆಯ ಮೇಲೆ ಎಷ್ಟು ಹಕ್ಕಿತ್ತೋ ಅಷ್ಟೇ ನಿಮಗೆ ಬರುತ್ತದೆ. ಅವನ ದಾಖಲೆಯಲ್ಲಿ ತೂತು ಇದ್ದರೆ ಆ ತೂತೂ ನಿಮ್ಮದೇ. ಬ್ಯಾಂಕ್ ತನಗೆ ತಿಳಿದ ಋಣಭಾರಗಳನ್ನು ಪ್ರಕಟಣೆಯಲ್ಲಿ ಹೇಳಬೇಕು ಎಂಬ ನಿಯಮವೇನೋ ಇದೆ. ಆದರೆ ಆ ಜಾಗದಲ್ಲಿ ‘ನಮಗೆ ತಿಳಿದಂತೆ ಇಲ್ಲ’ ಎಂದು ಬರೆದಿರುವುದೇ ಹೆಚ್ಚು. ‘ನಮಗೆ ತಿಳಿದಂತೆ ಇಲ್ಲ’ ಎಂಬುದನ್ನು ‘ಇಲ್ಲ’ ಎಂದು ಓದಿಕೊಳ್ಳುವುದೇ ಫಾರ್ವರ್ಡ್‌ನ ಕೈಚಳಕ.

ಕರೆಂಟ್ ಬಿಲ್ಲನ್ನೇ ತೆಗೆದುಕೊಳ್ಳಿ. ಹಳೆಯ ಮಾಲೀಕ ಉಳಿಸಿಹೋದ ವಿದ್ಯುತ್ ಬಾಕಿಯನ್ನು ಹರಾಜಿನಲ್ಲಿ ಕೊಂಡವರಿಂದ ಕೇಳಬಹುದೇ? ಕೆ.ಸಿ. ನೈನಾನ್ ವಿರುದ್ಧ ಕೇರಳ ವಿದ್ಯುತ್ ಮಂಡಳಿ ಪ್ರಕರಣದಲ್ಲಿ, 2023ರ ಮೇ ತಿಂಗಳಲ್ಲಿ, ಸುಪ್ರೀಂ ಕೋರ್ಟ್ ಇದನ್ನು ವಿವರವಾಗಿ ನೋಡಿತು. ನಿಯಮಗಳಲ್ಲಿ ಅವಕಾಶ ಇದ್ದರೆ ಹಳೆ ಬಾಕಿ ತೀರಿಸುವವರೆಗೆ ಹೊಸ ಸಂಪರ್ಕ ಕೊಡುವುದಿಲ್ಲ ಎನ್ನಬಹುದು ಎಂಬುದು ಅದರ ಸಾರ. ಹಾಗಾಗಿ ಬಿಡ್ ಮಾಡುವ ಮುನ್ನ ಸೆಸ್ಕ್ ಕಚೇರಿಯಲ್ಲಿ ಆ ಮನೆಯ ಆರ್.ಆರ್. ನಂಬರ್ ಹೇಳಿ ಬಾಕಿ ವಿಚಾರಿಸಿ. ಪಂಚಾಯಿತಿ ಅಥವಾ ನಗರಸಭೆಯ ಕಂದಾಯಕ್ಕೂ ಇದೇ ಮಾತು.

ಇನ್ನು ‘ಅರ್ಧ ಬೆಲೆ’. ಬ್ಯಾಂಕ್ ಮನಸ್ಸಿಗೆ ಬಂದಂತೆ ಬೆಲೆ ಇಡುವುದಿಲ್ಲ. ಅನುಮೋದಿತ ಮೌಲ್ಯಮಾಪಕರಿಂದ ಅಂದಾಜು ಮಾಡಿಸಿ ಮೀಸಲು ಬೆಲೆ ನಿಗದಿ ಮಾಡುತ್ತದೆ. ಯಾರೂ ಬಿಡ್ ಮಾಡದಿದ್ದರೆ ಮುಂದಿನ ಹರಾಜಿಗೆ ಬೆಲೆ ಇಳಿಸುತ್ತಾರೆ. ಅರ್ಧಕ್ಕೆ ಬಂದು ನಿಂತಿದೆ ಎಂದರೆ ಅದು ಮೂರನೆಯದೋ ನಾಲ್ಕನೆಯದೋ ಹರಾಜು ಇರಬಹುದು. ಅಲ್ಲಿಯವರೆಗೆ ಆ ಊರಿನವರು ಯಾಕೆ ಕೈ ಎತ್ತಲಿಲ್ಲ ಎಂದು ಕೇಳಿಕೊಳ್ಳಿ. ಅವರಿಗೆ ಗೊತ್ತಿರುವುದು ನಿಮಗೆ ಗೊತ್ತಿಲ್ಲ.

ಕೊಡಗಿನಲ್ಲಿ ತೊಡಕು ಎಲ್ಲಿ?

ಬೇರೆ ಜಿಲ್ಲೆಗಳಲ್ಲಿ ಸಾಕಾಗುವ ಪರಿಶೀಲನೆ ಕೊಡಗಿನಲ್ಲಿ ಸಾಕಾಗುವುದಿಲ್ಲ. ಕಾರಣ ಜಮ್ಮಾ.

ಹೊರಗಿನವರಿಗೆ ಜಮ್ಮಾ ಎಂದರೆ ಕೋವಿ ಲೈಸೆನ್ಸ್ ವಿನಾಯಿತಿಯ ಸುದ್ದಿಯಲ್ಲಿ ಕೇಳಿದ ಪದ, ಅಷ್ಟೆ. ಅದು ಮೂಲದಲ್ಲಿ ಭೂಮಿಯ ಹಿಡುವಳಿಯ ಒಂದು ಬಗೆ. ರಾಜರ ಕಾಲದಲ್ಲಿ ಸೇವೆಗೆ ಪ್ರತಿಯಾಗಿ ವಂಶಪಾರಂಪರ್ಯವಾಗಿ, ಕಡಿಮೆ ಕಂದಾಯಕ್ಕೆ ಸಿಕ್ಕ ಭೂಮಿ. ಬ್ರಿಟಿಷರು 1899ರ ಕೊಡಗು ಭೂಕಂದಾಯ ರೆಗ್ಯುಲೇಷನ್‌ನಲ್ಲಿ ಇದನ್ನು ನಿಯಮಕ್ಕೆ ತಂದರು. ಭೂಮಿ ಒಬ್ಬ ವ್ಯಕ್ತಿಯದ್ದಲ್ಲ, ಒಕ್ಕದ್ದು. ದಾಖಲೆಯಲ್ಲಿ ಪಟ್ಟೆದಾರನ ಹೆಸರು ಮುಂದೆ ಇದ್ದು, ಹಿಂದೆ ಇಡೀ ಕುಟುಂಬ ಇರುತ್ತದೆ. ಗದ್ದೆಗೆ ಅಂಟಿಕೊಂಡ ಬಾಣೆಯನ್ನು ಸೊಪ್ಪು, ಸೌದೆ, ಮೇವಿಗೆಂದು ಕೊಟ್ಟಿದ್ದರು, ಇಂದು ಅದರಲ್ಲಿ ಬಹುಪಾಲು ಕಾಫಿ ತೋಟ. ಬಾಣೆಯ ಒಡೆತನ ಯಾರದ್ದು ಎಂಬ ವ್ಯಾಜ್ಯ ಹೈಕೋರ್ಟಿನ ಪೂರ್ಣಪೀಠದವರೆಗೆ ಹೋಗಿ, ಕೊನೆಗೆ ಭೂಕಂದಾಯ ಕಾಯ್ದೆಗೇ ತಿದ್ದುಪಡಿ ತರಬೇಕಾಯಿತು.

ಈಗ ಹರಾಜಿನ ಮನೆಗೆ ಬನ್ನಿ. ಒಕ್ಕದ ಒಬ್ಬ ಸದಸ್ಯ ತಾನು ಅನುಭವಿಸುತ್ತಿದ್ದ ಜಾಗದಲ್ಲಿ ಮನೆ ಕಟ್ಟಿ, ಅದನ್ನು ಅಡ ಇಟ್ಟು ಸಾಲ ತೆಗೆದಿದ್ದಾನೆ ಎಂದಿಟ್ಟುಕೊಳ್ಳಿ. ಅಣ್ಣತಮ್ಮಂದಿರ ನಡುವೆ ಪಾಲು ಬಾಯಿಮಾತಿನಲ್ಲಿ ಆಗಿದೆ, ನೋಂದಣಿ ಆಗಿಲ್ಲ. ಇ.ಸಿ. ತೆಗೆಸಿದರೆ ಏನೂ ಕಾಣುವುದಿಲ್ಲ. ಇ.ಸಿ. ತೋರಿಸುವುದು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿಯಾದ ವಹಿವಾಟನ್ನು ಮಾತ್ರ. ಬಾಯಿಮಾತಿನ ಪಾಲು, ಚಿಕ್ಕಪ್ಪನ ಮಗಳ ಹಕ್ಕು, ಕೋರ್ಟಿನಲ್ಲಿರುವ ದಾವೆ, ನೋಂದಣಿಯಾಗದ ಬಾಡಿಗೆ ಕರಾರು ಇವ್ಯಾವುವೂ ಅದರಲ್ಲಿ ಬರುವುದಿಲ್ಲ. ‘ಇ.ಸಿ. ಕ್ಲೀನ್ ಇದೆ, ಇನ್ನೇನು ಬೇಕು’ ಎನ್ನುವವರನ್ನು ನಾವು ಅದಕ್ಕೇ ನಂಬುವುದಿಲ್ಲ.

ಹೀಗೆ ಬಿಟ್ಟುಹೋದ ಪಾಲುದಾರರು ನಂತರ ಎದ್ದುನಿಂತರೆ? ಸರ್ಫೇಸಿ ಹರಾಜನ್ನು ಸಿವಿಲ್ ಕೋರ್ಟಿನಲ್ಲಿ ಪ್ರಶ್ನಿಸುವಂತಿಲ್ಲ ಎಂಬ ಮಾತು ಸಾಮಾನ್ಯವಾಗಿ ಕೇಳಿಬರುತ್ತದೆ. ಅದು ಪೂರ್ತಿ ನಿಜವಲ್ಲ. ಸೆಂಟ್ರಲ್ ಬ್ಯಾಂಕ್ ವಿರುದ್ಧ ಪ್ರಭಾ ಜೈನ್ ಪ್ರಕರಣದಲ್ಲಿ, 2025ರ ಜನವರಿಯಲ್ಲಿ, ಸುಪ್ರೀಂ ಕೋರ್ಟ್ ಹೇಳಿದ್ದು ಹೀಗೆ: ಸಾಲಕ್ಕೆ ಸಂಬಂಧವೇ ಇಲ್ಲದ ಮೂರನೆಯವರು ‘ಈ ಆಸ್ತಿಯಲ್ಲಿ ನನಗೆ ಹಕ್ಕಿದೆ, ಇದನ್ನು ಮಾರಿದ್ದೂ ಅಡ ಇಟ್ಟಿದ್ದೂ ತಪ್ಪು’ ಎಂದು ಸಿವಿಲ್ ಕೋರ್ಟಿಗೆ ಹೋಗಬಹುದು. ಆ ಪ್ರಕರಣವೂ ಕುಟುಂಬದ ಪಾಲಿನ ಜಗಳವೇ. ಕೊಡಗಿನಲ್ಲಿ ಬಿಡ್ ಮಾಡುವವರು ಈ ತೀರ್ಪನ್ನು ವಕೀಲರ ಹತ್ತಿರ ಕೂತು ಅರ್ಥ ಮಾಡಿಕೊಳ್ಳುವುದು ಒಳ್ಳೆಯದು.

ಪಹಣಿಯಲ್ಲಿ ಹಿಡುವಳಿಯ ಬಗೆ ಏನಿದೆ, ಎಷ್ಟು ಜನರ ಹೆಸರಿದೆ, 11ನೇ ಕಾಲಂನಲ್ಲಿ ಏನು ಋಣ ಬರೆದಿದೆ ಎಂದು ನೋಡಿ. ಮನೆ ನಿಂತಿರುವ ಜಾಗ ಭೂಪರಿವರ್ತನೆ ಆಗಿದೆಯೇ, ಪಂಚಾಯಿತಿಯ ಇ-ಸ್ವತ್ತಿನಲ್ಲಿ ನಮೂನೆ 9 ಮತ್ತು 11 ಸಿಗುತ್ತದೆಯೇ ಎಂದು ಕೇಳಿ. ತೋಟದ ನಡುವೆ ಪರಿವರ್ತನೆಯಿಲ್ಲದೆ ಕಟ್ಟಿ ಹೋಂಸ್ಟೇ ಬೋರ್ಡು ಹಾಕಿದ ಮನೆಗಳೂ ಉಂಟು. ಹರಾಜಿನಲ್ಲಿ ಕೊಂಡ ಮಾತ್ರಕ್ಕೆ ಅವು ಸಕ್ರಮವಾಗುವುದಿಲ್ಲ.

ದಾರಿಯ ವಿಷಯವನ್ನಂತೂ ಕಾಗದದಲ್ಲಿ ನೋಡಲಾಗುವುದಿಲ್ಲ, ನಡೆದೇ ನೋಡಬೇಕು. ಮುಖ್ಯರಸ್ತೆಯಿಂದ ಮನೆಯವರೆಗೆ ಜೀಪು ಹೋಗುವ ದಾರಿ ದೊಡ್ಡಪ್ಪನ ತೋಟದ ಒಳಗೆ ಹಾದುಹೋಗಿರುತ್ತದೆ. ಮನೆಯವರಿಗೆ ಅದು ಮಾತಿಲ್ಲದೆ ಬಿಟ್ಟ ದಾರಿ. ಹರಾಜಿನಲ್ಲಿ ಬಂದ ಹೊಸಬರಿಗೆ ಅದೇ ದಾರಿಯಲ್ಲಿ ಗೇಟು ಏಳಬಹುದು. ನಕ್ಷೆಯಲ್ಲಿ ದಾರಿ ಇದೆಯೇ ಎಂದು ಭೂಮಾಪಕರಿಂದ ಖಚಿತ ಮಾಡಿಕೊಳ್ಳಿ.

ನೋಡಲು ಹೋಗುವುದಾದರೆ ಜುಲೈ, ಆಗಸ್ಟಿನಲ್ಲಿ ಹೋಗಿ. ಬೇಸಿಗೆಯಲ್ಲಿ ಕೊಡಗಿನ ಎಲ್ಲ ಮನೆಗಳೂ ಚೆನ್ನಾಗಿಯೇ ಕಾಣುತ್ತವೆ. ಬೀಗ ಹಾಕಿದ ಮನೆ ಎರಡು ಮಳೆಗಾಲ ಕಂಡರೆ ಹೆಂಚು, ಮರ, ಗೋಡೆ ಯಾವ ಗತಿಗೆ ಬರುತ್ತದೆ ಎಂದು ಮಳೆಯಲ್ಲೇ ತಿಳಿಯುವುದು. 2018ರ ಆಗಸ್ಟಿನಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡ ಜಾರಿದ್ದು ಎಲ್ಲರಿಗೂ ನೆನಪಿದೆ. ಬರೆ ಕಡಿದು ಸಮತಟ್ಟು ಮಾಡಿದ ಜಾಗದಲ್ಲಿ ಮನೆ ಇದ್ದರೆ ಆ ಮಾಹಿತಿ ಬ್ಯಾಂಕಿನ ಪ್ರಕಟಣೆಯಲ್ಲಿ ಇರುವುದಿಲ್ಲ.

ತೋಟದೊಳಗಿನ ಮನೆ ಕೃಷಿ ಭೂಮಿಯೇ?

ಕೃಷಿ ಭೂಮಿಯ ಮೇಲಿನ ಅಡಮಾನಕ್ಕೆ ಸರ್ಫೇಸಿ ಅನ್ವಯಿಸುವುದಿಲ್ಲ ಎಂದು ಕಾಯ್ದೆಯ 31ನೇ ಸೆಕ್ಷನ್ ಹೇಳುತ್ತದೆ. ಕಾಫಿ ತೋಟಗಳನ್ನು ಮಾತ್ರ ಬ್ಯಾಂಕುಗಳು ಹರಾಜಿಗೆ ಇಡುತ್ತಲೇ ಬಂದಿವೆ. ಕೊಡಗು, ಚಿಕ್ಕಮಗಳೂರು, ಹಾಸನದ ಬೆಳೆಗಾರರ ಸಂಘಟನೆಗಳು ಕಾಫಿಯನ್ನು ಸರ್ಫೇಸಿಯಿಂದ ಹೊರಗಿಡಿ ಎಂದು ಕೇಂದ್ರವನ್ನು ಕೇಳುತ್ತಲೇ ಇವೆ. ಪಹಣಿಯಲ್ಲಿ ಕೃಷಿ ಎಂದಿದ್ದರಷ್ಟೇ ಸಾಲದು, ಅಲ್ಲಿ ನಿಜವಾಗಿ ಕೃಷಿ ನಡೆಯುತ್ತಿತ್ತು ಎಂದು ಸಾಲಗಾರನೇ ತೋರಿಸಬೇಕು ಎಂದು ಸುಪ್ರೀಂ ಕೋರ್ಟ್ 2023ರಲ್ಲಿ ಕೆ. ಶ್ರೀಧರ್ ಪ್ರಕರಣದಲ್ಲಿ ಹೇಳಿದೆ. ಬೆಳೆಗಾರರ ಸಿಟ್ಟು ನ್ಯಾಯವೇ ಎಂಬುದು ಬೇರೆ ಚರ್ಚೆ, ಅವರ ಪರ ಹೇಳಲು ಸಾಕಷ್ಟಿದೆ ಎಂದೇ ನಮಗೂ ಅನಿಸುತ್ತದೆ. ಕೊಳ್ಳುವವರ ಮಟ್ಟಿಗೆ ಇದರ ಅರ್ಥ ಇಷ್ಟು: ಮನೆಯ ಜೊತೆ ತೋಟ ಇದ್ದರೆ ಸಾಲಗಾರನಿಗೆ ಹರಾಜನ್ನೇ ಪ್ರಶ್ನಿಸಲು ಒಂದು ವಾದ ಸಿದ್ಧವಿದೆ.

ಬ್ಯಾಂಕಿನ ಪ್ರತಿ ಕ್ರಮದ ವಿರುದ್ಧ 45 ದಿನಗಳೊಳಗೆ ಸಾಲ ವಸೂಲಾತಿ ನ್ಯಾಯಮಂಡಳಿಗೆ, ಅಂದರೆ ಡಿ.ಆರ್.ಟಿ.ಗೆ ಹೋಗಬಹುದು. ಬ್ಯಾಂಕಿನ ಕ್ರಮ ನಿಯಮಬಾಹಿರ ಎಂದು ಕಂಡರೆ ಸ್ವಾಧೀನವನ್ನು ಸಾಲಗಾರನಿಗೆ ಮರಳಿಸುವ ಅಧಿಕಾರ ಅದಕ್ಕಿದೆ. ಆಗ ನಿಮ್ಮ ದುಡ್ಡು ವಾಪಸ್ ಬರಬಹುದು, ಆದರೆ ವರ್ಷಗಳು ಬರುವುದಿಲ್ಲ.

ಬೀಗದ ಕೈ ಯಾರ ಬಳಿ?

ಪ್ರಕಟಣೆಯಲ್ಲಿ ‘ಸಾಂಕೇತಿಕ ಸ್ವಾಧೀನ’ ಎಂದು ಬರೆದಿದ್ದರೆ ಬ್ಯಾಂಕ್ ಗೋಡೆಗೆ ನೋಟಿಸ್ ಅಂಟಿಸಿದೆ, ಒಳಗೆ ಕುಟುಂಬ ವಾಸವಾಗಿದೆ ಎಂದರ್ಥ. ಅವರನ್ನು ಬಿಡಿಸಲು ಬ್ಯಾಂಕ್ ಸೆಕ್ಷನ್ 14ರಡಿ ಜಿಲ್ಲಾಧಿಕಾರಿಗೆ ಅರ್ಜಿ ಹಾಕಬೇಕು, ಆದೇಶ ಬರಬೇಕು, ಪೊಲೀಸ್ ರಕ್ಷಣೆ ಸಿಗಬೇಕು. ಆದೇಶಕ್ಕೆ ಕಾಯ್ದೆ 30 ದಿನ, ಹೆಚ್ಚೆಂದರೆ 60 ದಿನ ಎನ್ನುತ್ತದೆ. ಎಲ್ಲ ಕಡೆ ಹಾಗೆಯೇ ನಡೆಯುತ್ತದೆ ಎಂದು ಲೆಕ್ಕ ಹಾಕಬೇಡಿ. ಅಡಮಾನಕ್ಕೆ ಮೊದಲೇ ಕಾನೂನುಬದ್ಧವಾಗಿ ಬಾಡಿಗೆಗಿದ್ದವರಿಗೆ ತಮ್ಮದೇ ರಕ್ಷಣೆ ಇದೆ. ತೋಟದ ಲೈನ್ ಮನೆಗಳಲ್ಲಿ ಕಾರ್ಮಿಕ ಕುಟುಂಬಗಳಿದ್ದರೆ ಅವರು ಎಲ್ಲಿಗೆ ಹೋಗುತ್ತಾರೆ ಎಂಬ ಪ್ರಶ್ನೆಯೂ ನಿಮ್ಮ ಬಾಗಿಲಿಗೇ ಬರುತ್ತದೆ.

ಶೇ 10 ಕಟ್ಟಿದರೆ ಸಾಕೇ?

ಇದು ಫಾರ್ವರ್ಡ್‌ನ ಅತ್ಯಂತ ದುಬಾರಿ ಸುಳ್ಳು. ಶೇ 10 ಎನ್ನುವುದು ಸಾಮಾನ್ಯವಾಗಿ ಬಿಡ್ ಮಾಡಲು ಇಡುವ ಠೇವಣಿ ಮಾತ್ರ. ಮೀಸಲು ಬೆಲೆ 60 ಲಕ್ಷ ಎಂದುಕೊಳ್ಳಿ, ಠೇವಣಿ 6 ಲಕ್ಷ. ನೀವು 64 ಲಕ್ಷಕ್ಕೆ ಗೆದ್ದಿರಿ. ಅಂದೇ, ತಪ್ಪಿದರೆ ಮರುದಿನದ ಕೆಲಸದ ವೇಳೆಯೊಳಗೆ, ಶೇ 25ರಷ್ಟು ಅಂದರೆ 16 ಲಕ್ಷ ತುಂಬಿರಬೇಕು. ಠೇವಣಿ ಕಳೆದು ಇನ್ನೂ 10 ಲಕ್ಷ. ಉಳಿದ 48 ಲಕ್ಷ ಮಾರಾಟ ಖಚಿತವಾದ 15 ದಿನಗಳೊಳಗೆ. ಬ್ಯಾಂಕ್ ಲಿಖಿತವಾಗಿ ಒಪ್ಪಿದರೆ ಗಡುವು ಮೂರು ತಿಂಗಳವರೆಗೆ ಹೋಗಬಹುದು, ಅದಕ್ಕಿಂತ ಮುಂದೆ ಇಲ್ಲ. ಬೆಲೆ 50 ಲಕ್ಷ ಅಥವಾ ಹೆಚ್ಚಿದ್ದರೆ ಶೇ 1 ಟಿಡಿಎಸ್ ಹಿಡಿದು ಕಟ್ಟುವುದೂ ನಿಮ್ಮ ಹೊಣೆ. ನೋಂದಣಿ ಕಚೇರಿಯ ಖರ್ಚು ಬೇರೆ.

48 ಲಕ್ಷ ಸಿಗದಿದ್ದರೆ? 16 ಲಕ್ಷವೂ ಹೋಯಿತು. 2024ರ ಫೆಬ್ರುವರಿ 2ರಂದು ಷಣ್ಮುಗವೇಲು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ನೋಡಿದ್ದು ಇದನ್ನೇ. ತಮಿಳುನಾಡಿನ ಆಸ್ತಿಯೊಂದಕ್ಕೆ 12.27 ಕೋಟಿ ಬಿಡ್ ಮಾಡಿದವರು ಕಾಲು ಭಾಗ, ಅಂದರೆ 3 ಕೋಟಿಗೂ ಹೆಚ್ಚು ಕಟ್ಟಿ, ಉಳಿದದ್ದಕ್ಕೆ ಸಾಲ ಸಿಗದೆ ನಿಂತರು. ಪೂರ್ತಿ ಮುಟ್ಟುಗೋಲು ಹೆಚ್ಚಾಯಿತು ಎಂದು ಹೈಕೋರ್ಟ್ 55 ಲಕ್ಷಕ್ಕೆ ಇಳಿಸಿತ್ತು. ಸುಪ್ರೀಂ ಕೋರ್ಟ್ ಅದನ್ನು ಒಪ್ಪಲಿಲ್ಲ, ಇಡೀ ಕಾಲು ಭಾಗದ ಮುಟ್ಟುಗೋಲನ್ನು ಎತ್ತಿಹಿಡಿಯಿತು. ಒಳಗೆ ಜನ ಇರುವ, ಪರಿವರ್ತನೆಯಾಗದ ಜಾಗದ ಮನೆಗೆ 15 ದಿನದಲ್ಲಿ ಗೃಹಸಾಲ ಮಂಜೂರಾಗುತ್ತದೆ ಎಂದು ನಂಬಿ ಬಿಡ್ ಮಾಡುವುದು ಜೂಜು.

ಮಾಲೀಕರಿಂದಲೇ ನೇರವಾಗಿ ಕೊಂಡರೆ?

‘ಹರಾಜಿಗೆ ಬರುವ ಮುಂಚೆಯೇ ಮಾಲೀಕರ ಹತ್ತಿರ ಮಾತಾಡಿ, ಇನ್ನೂ ಕಡಿಮೆಗೆ ಕೊಡುತ್ತಾರೆ’ ಎಂಬ ಸಲಹೆಯೂ ಓಡಾಡುತ್ತದೆ. ಬ್ಯಾಂಕ್ 60 ದಿನಗಳ ನೋಟಿಸ್ ಕೊಟ್ಟ ಮೇಲೆ ಬ್ಯಾಂಕಿನ ಲಿಖಿತ ಒಪ್ಪಿಗೆಯಿಲ್ಲದೆ ಮಾಲೀಕ ಆ ಮನೆಯನ್ನು ಮಾರುವಂತಿಲ್ಲ. ಹರಾಜು ಪ್ರಕಟಣೆ ಹೊರಬಿದ್ದ ಮೇಲಂತೂ ಸಾಲ ತೀರಿಸಿ ಮನೆ ಬಿಡಿಸಿಕೊಳ್ಳುವ ಹಕ್ಕೇ ಅವರಿಗೆ ಉಳಿಯುವುದಿಲ್ಲ. 2016ರ ತಿದ್ದುಪಡಿಯ ನಂತರ ಕಾನೂನು ಹೀಗಿದೆ ಎಂದು 2023ರ ಸೆಪ್ಟೆಂಬರ್‌ನಲ್ಲಿ ಸೆಲಿರ್ ಮತ್ತು ಬಫ್ನಾ ಮೋಟಾರ್ಸ್ ಪ್ರಕರಣದ ತೀರ್ಪು ಹೇಳಿತು. ಅದರಲ್ಲಿ ಹರಾಜು ಮುಗಿದ ಮೇಲೆ ಸಾಲಗಾರ ಆಸ್ತಿ ಬಿಡಿಸಿಕೊಂಡು ಇನ್ನೊಂದು ಕಂಪನಿಗೆ ದಾಟಿಸಿದ್ದ. 2024ರ ಡಿಸೆಂಬರ್‌ನಲ್ಲಿ ಆ ವ್ಯವಹಾರ ಅಸಿಂಧು ಎಂದು ಹೇಳಿ, ಆಸ್ತಿಯನ್ನು ಹರಾಜಿನಲ್ಲಿ ಗೆದ್ದವರಿಗೆ ಒಪ್ಪಿಸುವಂತೆ ಸುಪ್ರೀಂ ಕೋರ್ಟ್ ಆದೇಶಿಸಿತು.

ಬ್ಯಾಂಕಿನ ತಕರಾರಿಲ್ಲದ ಮನೆಯಾದರೂ ಮಾಲೀಕರು ಕೈಸಾಲದಲ್ಲಿ ಮುಳುಗಿದ್ದರೆ 1920ರ ಕಾಯ್ದೆ ನೆನಪಿರಲಿ. ಮಾರಿದ ಎರಡು ವರ್ಷದೊಳಗೆ ಅರ್ಜಿ ಸಲ್ಲಿಕೆಯಾಗಿ ಅವರು ದಿವಾಳಿ ಎಂದು ಘೋಷಣೆಯಾದರೆ, ಆ ಮಾರಾಟವನ್ನು ರದ್ದು ಮಾಡಿಸಲು ಕೋರ್ಟ್ ನೇಮಿಸಿದ ರಿಸೀವರ್ ಕೇಳಬಹುದು. ಪ್ರಾಮಾಣಿಕವಾಗಿ, ಸರಿಯಾದ ಬೆಲೆ ಕೊಟ್ಟು ಕೊಂಡವರಿಗೆ ರಕ್ಷಣೆ ಇದೆ. ತೀರಾ ಕಡಿಮೆ ಬೆಲೆಗೆ, ಅರ್ಧ ನಗದು ಕೊಟ್ಟು ಕೊಂಡವರು ಆ ರಕ್ಷಣೆ ಕೇಳುವಾಗ ತಡವರಿಸುತ್ತಾರೆ.

ವಿಲ್ಲಾ ಲೇಔಟಿನ ಕಥೆ ಬೇರೆ. ಕುಶಾಲನಗರ, ಮಡಿಕೇರಿ ಸುತ್ತ ಮನೆ ಕಟ್ಟಿ ಮಾರುವ ಕಂಪನಿಯ ಮೇಲೆ ಎನ್‌ಸಿಎಲ್‌ಟಿ ದಿವಾಳಿ ಅರ್ಜಿಯನ್ನು ಅಂಗೀಕರಿಸಿದರೆ, ಆ ದಿನದಿಂದ ನಿರ್ದೇಶಕರಿಗೆ ಸಹಿ ಹಾಕುವ ಅಧಿಕಾರ ಇಲ್ಲ. ಕಂಪನಿ ನ್ಯಾಯಮಂಡಳಿ ನೇಮಿಸಿದ ವೃತ್ತಿಪರರ ಕೈಗೆ ಹೋಗುತ್ತದೆ, ಆಸ್ತಿ ಪರಭಾರೆಗೆ ತಡೆ ಬೀಳುತ್ತದೆ. ಹಳೆಯ ಮಾಲೀಕರು ‘ಹಿಂದಿನ ತಾರೀಖಿಗೆ ಅಗ್ರಿಮೆಂಟ್ ಮಾಡಿಕೊಡುತ್ತೇವೆ’ ಎಂದರೆ ಎದ್ದು ಬನ್ನಿ. ಮೊದಲೇ ದುಡ್ಡು ಕಟ್ಟಿದವರಾದರೆ ಗಾಬರಿ ಬೇಡ: 2018ರ ತಿದ್ದುಪಡಿಯಿಂದ ಮನೆ ಖರೀದಿದಾರರೂ ಬ್ಯಾಂಕಿನಂತೆ ಹಣಕಾಸು ಸಾಲಿಗರು. ಆದರೆ ಪ್ರಕಟಣೆಯಲ್ಲಿ ಹೇಳಿದ ಗಡುವಿನೊಳಗೆ ನಿಮ್ಮ ಹಕ್ಕುಕೇಳಿಕೆ ಸಲ್ಲಿಸಬೇಕು. ಕಂಪನಿಯ ಹೆಸರು ದಿವಾಳಿ ಪ್ರಕ್ರಿಯೆಯಲ್ಲಿದೆಯೇ ಎಂದು ದಿವಾಳಿ ಮಂಡಳಿ, ಅಂದರೆ ಐಬಿಬಿಐ ವೆಬ್‌ಸೈಟಿನಲ್ಲಿ ಉಚಿತವಾಗಿ ಹುಡುಕಬಹುದು.

ಫಾರ್ವರ್ಡ್ ಬಂದಾಗ ಏನು ಮಾಡಬಹುದು?

ಸರ್ಕಾರಿ ಬ್ಯಾಂಕಿನ ಹರಾಜಾದರೆ ಅದು ಬ್ಯಾಂಕ್‌ನೆಟ್ ಪೋರ್ಟಲ್‌ನಲ್ಲಿ ಇದೆಯೇ ನೋಡಿ. ಅಲ್ಲಿ ಸಿಗದಿದ್ದರೆ ಪ್ರಕಟಣೆಯಲ್ಲಿ ಹೆಸರಿಸಿದ ಶಾಖೆಗೆ ಹೋಗಿ ಕೇಳಿ, ಫಾರ್ವರ್ಡ್‌ನಲ್ಲಿರುವ ಮೊಬೈಲ್ ನಂಬರಿಗೆ ಕರೆ ಮಾಡಬೇಡಿ. ‘ಬುಕಿಂಗ್’ ಎಂದು ಯಾರ ಯುಪಿಐಗೂ ದುಡ್ಡು ಹಾಕಬೇಡಿ, ಬ್ಯಾಂಕ್ ಹರಾಜಿನಲ್ಲಿ ಬುಕಿಂಗ್ ಎಂಬುದೇ ಇಲ್ಲ.

ಶಾಖೆಯ ಅಧಿಕೃತ ಅಧಿಕಾರಿಗೆ ಇಮೇಲ್‌ನಲ್ಲಿ ಕೇಳಿ: ಸ್ವಾಧೀನ ಸಾಂಕೇತಿಕವೋ ಭೌತಿಕವೋ, ಇದು ಎಷ್ಟನೇ ಹರಾಜು, ಡಿ.ಆರ್.ಟಿ. ಅಥವಾ ಸಿವಿಲ್ ಕೋರ್ಟಿನಲ್ಲಿ ಕೇಸು ಇದೆಯೇ, ಅಡಮಾನ ಪತ್ರಕ್ಕೆ ಕುಟುಂಬದ ಯಾರ್‍ಯಾರು ಸಹಿ ಹಾಕಿದ್ದಾರೆ. ಬಾಯಲ್ಲಿ ಹೇಳಿದ್ದು ನಾಳೆ ಉಳಿಯುವುದಿಲ್ಲ. ಸೆರ್ಸಾಯ್ ಎಂಬ ಕೇಂದ್ರ ನೋಂದಣಿಯಲ್ಲಿ ಸಣ್ಣ ಶುಲ್ಕ ಕಟ್ಟಿ ಅದೇ ಆಸ್ತಿಯ ಮೇಲೆ ಬೇರೆ ಬ್ಯಾಂಕಿನ ಸಾಲ ಇದೆಯೇ ಎಂದೂ ನೋಡಬಹುದು. ಜಮ್ಮಾ ದಾಖಲೆ ಓದಲು ಬರುವ ಮಡಿಕೇರಿ ಅಥವಾ ವಿರಾಜಪೇಟೆಯ ವಕೀಲರಿಗೆ ಕೊಡುವ ಶುಲ್ಕ, ಕಳೆದುಕೊಳ್ಳಬಹುದಾದ 16 ಲಕ್ಷದ ಮುಂದೆ ದೊಡ್ಡದಲ್ಲ.

ಡಿ.ಆರ್.ಟಿ. ವೆಬ್‌ಸೈಟಿನಲ್ಲಿ ಸಾಲಗಾರನ ಹೆಸರು ಹಾಕಿ ಕೇಸು ಹುಡುಕಲು ದುಡ್ಡು ಬೇಕಿಲ್ಲ. ಬಿಡ್ ದಿನದ ಹಿಂದಿನ ಸಂಜೆ ಇನ್ನೊಮ್ಮೆ ಹುಡುಕಿ, ಕೊನೆಯ ಗಳಿಗೆಯಲ್ಲಿ ತಡೆಯಾಜ್ಞೆ ಬರುವುದು ಅಪರೂಪವೇನಲ್ಲ.